ಪಟ್ಟಿಯಲ್ಲಿ ಕುದುರೆಯ ಹೆಸರೂ ಇರುತ್ತದೆ

ನೀಲಗುಂದದ ಹುಡುಗ ಜಿಲ್ಲಾ ತಂಡದ ಆಯ್ಕೆಗೆ ಹೋಗಬೇಕೆಂದರೆ ಯಾವ ಊರಿನ ಬಸ್ಸು ಹತ್ತಬೇಕು? ನಾನು ಹೈಸ್ಕೂಲಿನಲ್ಲಿದ್ದಾಗ ಬಳ್ಳಾರಿಯದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನಮ್ಮ ಹರಪನಹಳ್ಳಿ ತಾಲ್ಲೂಕನ್ನು ಅತ್ತ ಸೇರಿಸಿದರು. 2018ರಲ್ಲಿ ಮತ್ತೆ ಬಳ್ಳಾರಿಗೆ ತಂದರು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು, ಈಗ ಹೊಸಪೇಟೆ ಬಸ್ಸು. ಊರು ಕದಲಿಲ್ಲ, ಭೀಮೇಶ್ವರನ ಗುಡಿ ಕದಲಿಲ್ಲ. ಆದರೆ ಬಳ್ಳಾರಿ ಕಡೆಯ ಕಬಡ್ಡಿ ತಂಡದಲ್ಲಿ ಜಾಗ ಸಿಗದವನಿಗೆ ದಾವಣಗೆರೆ ಕಡೆ ಸಿಕ್ಕೀತು, ಅಲ್ಲಿ ಸಿಕ್ಕವನು ಇಲ್ಲಿ ಹೊರಗುಳಿದಾನು. ಆಟ ಎಷ್ಟು ಬರುತ್ತದೆ ಎನ್ನುವುದರಷ್ಟೇ ಯಾರ ಜೊತೆ ಸಾಲಿನಲ್ಲಿ ನಿಲ್ಲಿಸಿದ್ದಾರೆ ಎನ್ನುವುದೂ ಮುಖ್ಯ. ಈ ತಿಳಿವಳಿಕೆ ನನಗೆ ಊರಲ್ಲೇ ಬಂದಿತ್ತು. ಅದು ಪಕ್ಕಾ ಆದದ್ದು ಮುಂದೆ ಬೆಂಗಳೂರಿನ ಪತ್ರಿಕೆಯೊಂದರ ಕ್ರೀಡಾ ವಿಭಾಗದಲ್ಲಿ ಕೂತು, ಯಾರೂ ಓದದ ಒಂದು ಆಟದ ಆಯ್ಕೆ ಪಟ್ಟಿಗಳನ್ನು ಕನ್ನಡಕ್ಕೆ ಇಳಿಸುವಾಗ. ಆ ಆಟ ಕುದುರೆ ಸವಾರಿ.

ನಮ್ಮ ಕಡೆ ಕುದುರೆ ಅಂದರೆ ಜಟಕಾ. ಹರಪನಹಳ್ಳಿಯ ಬಸ್ ಸ್ಟ್ಯಾಂಡಿನ ಹೊರಗೆ ನಿಲ್ಲುತ್ತಿದ್ದ ಆ ಕುದುರೆಗಳ ಬಗ್ಗೆ ಈಗ ಹಂಬಲಿಸಿ ಬರೆಯುವವರಿದ್ದಾರೆ. ನನಗೆ ನೆನಪಿರುವುದು ಬೆನ್ನ ಮೇಲಿನ ಹುಣ್ಣು, ಅದಕ್ಕೆ ಮುತ್ತಿದ ನೊಣ, ಸವೆದ ಲಾಳ. ಆಟೋ ಬಂದದ್ದು ಆ ಪ್ರಾಣಿಗಳ ಮಟ್ಟಿಗೆ ಒಳ್ಳೆಯದೇ ಆಯಿತು. ಇನ್ನೊಂದು ಕುದುರೆ ಮೈಲಾರದ್ದು. ಹಡಗಲಿ ತಾಲ್ಲೂಕಿನ ಆ ಜಾತ್ರೆಯಲ್ಲಿ ಕಾರಣಿಕದ ದಿನ ಧರ್ಮಕರ್ತರು ಕುದುರೆ ಏರಿ ಡೆಂಗನ ಮರಡಿಗೆ ಬರುವುದನ್ನು ನೋಡಲು ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಆ ಕುದುರೆಗೆ ಹೊಟ್ಟೆ ತುಂಬ ಮೇವಿತ್ತು, ಮೈಯಲ್ಲಿ ಹೊಳಪಿತ್ತು. ಕುದುರೆಗಳಲ್ಲೂ ಎರಡು ಜಾತಿ ಎಂದು ನನಗೆ ಗೊತ್ತಾದದ್ದು ಆಗ. ಹಳೆಯ ರಾಜರ ಕಾಲದ ಶಾಸನ ನಮ್ಮೂರಲ್ಲಿ ಸಿಕ್ಕಿದೆ ಎಂದು ಮೇಷ್ಟ್ರು ಹೆಮ್ಮೆಯಿಂದ ಹೇಳುತ್ತಿದ್ದರು. ಆ ರಾಜರ ಕುದುರೆಗಳು ಹೇಗಿದ್ದವು ಎಂದು ಕೇಳಿದ್ದಕ್ಕೆ ಕೂತ್ಕೋ ಎಂದಿದ್ದರು.

ಜಟಕಾ ಹೊಡೆಯುವ ಸಾಬರೊಬ್ಬರು ಹೇಳಿದ ಮಾತು ಮಾತ್ರ ಮುಂದೆ ಕೆಲಸಕ್ಕೆ ಬಂತು. ದಾರಿಗೆ ಅಡ್ಡ ನೀರಿನ ಕಾಲುವೆ ಕಡಿದಿದ್ದರು, ಮೊಣಕಾಲೆತ್ತರವೂ ಇರಲಿಲ್ಲ. ಕುದುರೆ ನಿಂತುಬಿಟ್ಟಿತು. ನಾವು ಹುಡುಗರು ಚಾಟಿ ತೆಗೀರಿ ಎಂದು ಗದ್ದಲ ಮಾಡಿದೆವು. ಸಾಬರು ಇಳಿದು ಲಗಾಮು ಹಿಡಿದು ಸುತ್ತುಹಾಕಿ ನಡೆಸಿಕೊಂಡು ಹೋದರು. "ನೀ ಹೇಳಿದ್ದಕ್ಕ ಅದು ಹಾರಂಗಿಲ್ಲ ತಮ್ಮಾ, ಅದಕ್ಕ ಅನ್ನಿಸಿದ್ರ ಹಾರ್ತತಿ" ಅಂದರು. ಲಂಡನ್ನಿನಲ್ಲೋ ಟೋಕಿಯೊದಲ್ಲೋ ಕೋಟ್ಯಂತರ ರೂಪಾಯಿಯ ಕುದುರೆ ಬಣ್ಣದ ಕೋಲುಗಳ ಮುಂದೆ ಗಕ್ಕನೆ ನಿಂತಾಗ ವೀಕ್ಷಕ ವಿವರಣೆಕಾರರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

1982ರ ನವೆಂಬರ್, ಡಿಸೆಂಬರ್. ದೆಹಲಿಯಲ್ಲಿ ಏಷ್ಯಾಡ್. ನಮ್ಮಲ್ಲಿ ಟಿ.ವಿ. ಇರಲಿಲ್ಲ. ಹೋಟೆಲಿನ ರೇಡಿಯೊ, ಮಧ್ಯಾಹ್ನ ಮುಟ್ಟುವ ಪತ್ರಿಕೆ. ಊರಿಗೆ ಗೊತ್ತಿದ್ದದ್ದು ಮೂರು ಸಂಗತಿ: ಅಪ್ಪು ಎಂಬ ಆನೆಮರಿ, ಪಿ.ಟಿ. ಉಷಾ, ಪಾಕಿಸ್ತಾನದ ಕೈಯಲ್ಲಿ ಹಾಕಿಯಲ್ಲಿ 7-1ರ ಸೋಲು. ಏಷ್ಯನ್ ಕ್ರೀಡಾಕೂಟಕ್ಕೆ ಕುದುರೆ ಸವಾರಿ ಮೊದಲು ಸೇರಿದ್ದು ಆ ವರ್ಷವೇ. ಅದರಲ್ಲಿ ಸೈನ್ಯದ 61ನೇ ಕ್ಯಾವಲ್ರಿಯ ರಘುವೀರ್ ಸಿಂಗ್ ಈವೆಂಟಿಂಗ್‌ನಲ್ಲಿ ವೈಯಕ್ತಿಕ ಚಿನ್ನ ಗೆದ್ದರು, ಗುಲಾಂ ಮೊಹಮ್ಮದ್ ಖಾನ್ ಬೆಳ್ಳಿ, ತಂಡಕ್ಕೂ ಚಿನ್ನ. ಈ ಸುದ್ದಿಯನ್ನು ಓದಿದ ನೆನಪು ನಮ್ಮೂರಲ್ಲಿ ಯಾರಿಗೂ ಇಲ್ಲ. ಬರೀ ಜಿಗಿತದ ಸ್ಪರ್ಧೆ, ಅಂದರೆ ಶೋ ಜಂಪಿಂಗ್, ಬೇರೆ ಇತ್ತು. ಅದನ್ನು ಕುವೈತ್‌ನ ಹೆಣ್ಣುಮಕ್ಕಳು ಗೆದ್ದುಕೊಂಡು ಹೋದರು. ಈವೆಂಟಿಂಗ್‌ನಲ್ಲಿ ಚಿನ್ನ ಗೆದ್ದ ಭಾರತದ ತಂಡದಲ್ಲಿ ಇದ್ದವರೆಲ್ಲ ಗಂಡಸರು.

ಈವೆಂಟಿಂಗ್ ಎಂದರೆ ಮೂರು ಪರೀಕ್ಷೆ. ಮೊದಲು ಡ್ರೆಸಾಜ್, ಕುದುರೆ ಲೆಕ್ಕದ ಹೆಜ್ಜೆ ಹಾಕಬೇಕು. ಆಮೇಲೆ ಬಯಲಲ್ಲಿ ಹಳ್ಳ ದಿಣ್ಣೆ ಮರದ ದಿಮ್ಮಿ ಹಾರುವ ಕ್ರಾಸ್ ಕಂಟ್ರಿ. ಕೊನೆಗೆ ಅಂಗಳದೊಳಗೆ ಜಿಗಿತ. ಶೋ ಜಂಪಿಂಗ್‌ನವರು ಈ ಕೊನೆಯದನ್ನೇ, ಇನ್ನೂ ಎತ್ತರದ ಕೋಲುಗಳ ಮೇಲೆ ಮಾಡುತ್ತಾರೆ. ಲೆಕ್ಕ ಸರಳ. ಒಂದು ಕೋಲು ಬಿದ್ದರೆ 4 ದಂಡಾಂಕ. ಕುದುರೆ ಒಮ್ಮೆ ನಿರಾಕರಿಸಿದರೆ 4, ಎರಡನೇ ಸಲ ನಿಂತರೆ ಹೊರಗೆ. ಸವಾರ ಬಿದ್ದರೂ ಹೊರಗೆ.

ಆಗ ತಂಡ ಹೇಗೆ ಆಗುತ್ತಿತ್ತು ಎನ್ನುವುದಕ್ಕೆ ಉದ್ದ ವಿವರಣೆ ಬೇಕಿಲ್ಲ. ಕುದುರೆ ಸೈನ್ಯದ್ದು, ಲಾಯ ಸೈನ್ಯದ್ದು, ಮೇವು ಸೈನ್ಯದ್ದು, ಸವಾರನ ಸಂಬಳವೂ ಸೈನ್ಯದ್ದು. ಹಾಗಾಗಿ ಆಯ್ಕೆಯೂ ಸೈನ್ಯದ ಒಳಗಿನ ಮಾತು. ಸೈನ್ಯದಲ್ಲಿ ಎಂದರೂ ಎಲ್ಲರಿಗೂ ಅಲ್ಲ. ಕುದುರೆಯನ್ನೇ ಇಟ್ಟುಕೊಂಡಿರುವ 61ನೇ ಕ್ಯಾವಲ್ರಿ 1953ರಲ್ಲಿ ಹುಟ್ಟಿದ್ದು ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ. 1918ರಲ್ಲಿ ಹೈಫಾದಲ್ಲಿ ಕಾದಿದ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಅದರೊಳಗೆ ಕರಗಿತು. ಆದರೆ ಜೈಪುರದ ಆ ರೆಜಿಮೆಂಟಿಗೆ ಸೇರುವವರು ರಜಪೂತರು, ಕಾಯಂಖಾನಿಗಳು, ಮರಾಠರು. ನಮ್ಮ ತಾಲ್ಲೂಕಿನ ಹುಡುಗ ಸೈನ್ಯಕ್ಕೆ ಸೇರಿದರೂ ಆ ಲಾಯದ ಬಾಗಿಲು ಅವನಿಗೆ ಸಿಗುವಂಥದ್ದಲ್ಲ. ಭಾರತದ ಅಂದಿನ ಆಯ್ಕೆಯ ಮೊದಲ ಸುತ್ತು ತೊಟ್ಟಿಲಲ್ಲೇ ಮುಗಿದಿರುತ್ತಿತ್ತು ಎಂದರೆ ಅತಿಶಯೋಕ್ತಿ ಅಲ್ಲ.

ಈ ರೋಗ ನಮ್ಮದೊಂದೇ ಅಲ್ಲ. 1948ರವರೆಗೆ ಒಲಿಂಪಿಕ್ಸ್‌ನ ಕುದುರೆ ಸವಾರಿಯಲ್ಲಿ ಸೈನ್ಯದ ಅಧಿಕಾರಿಗಳಿಗೂ ದುಡ್ಡಿಗಾಗಿ ಆಡದ ಸಿರಿವಂತ ಹವ್ಯಾಸಿಗಳಿಗೂ ಮಾತ್ರ ಜಾಗ. ಸಾಮಾನ್ಯ ಸಿಪಾಯಿ, ಹವಾಲ್ದಾರ ಸವಾರಿ ಮಾಡುವಂತಿಲ್ಲ. ಆ ವರ್ಷದ ಲಂಡನ್ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ ತಂಡದ ಚಿನ್ನ ಗೆದ್ದ ಸ್ವೀಡನ್, ಗೆನಾಲ್ ಪೆರ್ಸನ್ ಎಂಬಾತನಿಗೆ ಕೂಟದ ಮಟ್ಟಿಗೆ ಅಧಿಕಾರಿಯ ಬಡ್ತಿ ಕೊಟ್ಟು ಕರೆದೊಯ್ದಿತ್ತು. ಕೂಟ ಮುಗಿದದ್ದೇ ಹಳೆಯ ಹುದ್ದೆಗೆ ಇಳಿಸಿದರು. ಗೊತ್ತಾಗಿ 1949ರಲ್ಲಿ ಇಡೀ ತಂಡದ ಚಿನ್ನ ಕಿತ್ತುಕೊಂಡರು. ಮುಂದಿನ ಒಲಿಂಪಿಕ್ಸ್‌ಗೆ ಆ ನಿಯಮವೇ ಹೋಯಿತು. 1952ರಲ್ಲಿ, 1956ರಲ್ಲಿ ಅದೇ ಪೆರ್ಸನ್ ತಂಡದೊಂದಿಗೆ ಚಿನ್ನ ಗೆದ್ದ. ಹೆಂಗಸರಿಗೆ ಜಿಗಿತದ ಅಂಗಳ ತೆರೆದದ್ದು 1956ರಲ್ಲಿ. ಹಳೆಯ ಕಾಲದಲ್ಲಿ ಆಯ್ಕೆ ಶುದ್ಧವಾಗಿತ್ತು ಎನ್ನುವವರಿಗೆ ಈ ಕತೆ ಹೇಳುತ್ತಿರುತ್ತೇನೆ.

ನಾನು ಡೆಸ್ಕಿಗೆ ಬಂದ ಮೇಲೆ ಟೆಲಿಪ್ರಿಂಟರಿನಲ್ಲಿ ಈ ಆಟದ ಸುದ್ದಿ ಅಪರೂಪಕ್ಕೆ ಬರುತ್ತಿತ್ತು. ಬಂದರೆ ದಫೇದಾರ, ರಿಸಾಲ್ದಾರ, ಮೇಜರ್ ಎಂಬ ಹುದ್ದೆಗಳ ಸಾಲು. ಜಾಗ ಉಳಿದರೆ ಹಾಕುವುದು, ಇಲ್ಲದಿದ್ದರೆ ಬುಟ್ಟಿಗೆ. ಆ ಪಟ್ಟಿಗಳಲ್ಲಿ ನನ್ನನ್ನು ಕಾಡಿದ್ದು ಹೆಸರಿನ ಮುಂದೆ ಇನ್ನೊಂದು ಹೆಸರು ಇರುತ್ತಿದ್ದದ್ದು. ಕುದುರೆಯ ಹೆಸರು. ರಘುವೀರ್ ಸಿಂಗ್ ಎಂದರೆ ಷಹಜಾದಾ. ಜಾಗ ಬಿಗಿಯಾದಾಗ ಎಲ್ಲರಂತೆ ನಾನೂ ಕುದುರೆಯ ಹೆಸರು ಹೊಡೆದುಹಾಕುತ್ತಿದ್ದೆ. ಈ ಆಟದ ಆಯ್ಕೆಯ ಗುಟ್ಟೆಲ್ಲ ಇರುವುದೇ ಆ ಎರಡನೇ ಹೆಸರಿನಲ್ಲಿ.

ಆರಿಸುವುದು ಮನುಷ್ಯನನ್ನಲ್ಲ, ಜೋಡಿಯನ್ನು. ದೊಡ್ಡ ಕೂಟಕ್ಕೆ ಹೋಗಬೇಕಾದರೆ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಇಐ ಗೊತ್ತುಮಾಡಿದ ಕನಿಷ್ಠ ಅರ್ಹತೆಯನ್ನು ಸವಾರ ಇದೇ ಕುದುರೆಯ ಮೇಲೆ ಗಳಿಸಿರಬೇಕು. ಕುದುರೆ ಬದಲಾದರೆ ಮತ್ತೆ ಮೊದಲಿನಿಂದ. ಒಲಿಂಪಿಕ್ಸ್ ಆದರೆ ಕುದುರೆಯ ಮಾಲೀಕನೂ ಸವಾರನ ದೇಶದವನೇ ಆಗಿರಬೇಕು, ಆ ವರ್ಷ ಶುರುವಾಗುವ ಹೊತ್ತಿಗೇ ಅದು ದಾಖಲಾಗಿರಬೇಕು. ಇಷ್ಟೆಲ್ಲ ಆಗಿ ಅಂಗಳಕ್ಕೆ ಬಂದ ಮೇಲೂ ಸ್ಪರ್ಧೆಗೆ ಮುನ್ನ ಪಶುವೈದ್ಯರ ಮುಂದೆ ಕುದುರೆಯನ್ನು ಓಡಿಸಿ ತೋರಿಸಬೇಕು. ಕಾಲು ಒಂಚೂರು ಎಳೆದರೂ ಜೋಡಿ ಮನೆಗೆ. ಕಬಡ್ಡಿ ಆಟಗಾರನಿಗೆ ಕಾಲುಳುಕಿದರೆ ಪಟ್ಟಿ ಕಟ್ಟಿ ಇಳಿಸಬಹುದು, ಇಲ್ಲಿ ಆ ಮಾತೇ ಇಲ್ಲ.

ಇನ್ನು ತಂಡ. ನೇಷನ್ಸ್ ಕಪ್‌ನಂಥ ಜಿಗಿತದ ಸ್ಪರ್ಧೆಗಳಲ್ಲಿ ನಾಲ್ವರು ಹೋಗುತ್ತಾರೆ, ಒಳ್ಳೆಯ ಮೂವರ ಲೆಕ್ಕ ಮಾತ್ರ ಹಿಡಿಯುತ್ತಾರೆ. ಆಗ ಆಯ್ಕೆಗಾರ ಒಬ್ಬ ಹುಂಬನನ್ನು ಸೇರಿಸಿಕೊಳ್ಳಬಹುದು. ಅವನು ಎಲ್ಲ ಕೋಲು ಕೆಡವಿದರೆ ಲೆಕ್ಕಕ್ಕಿಲ್ಲ, ಒಂದೂ ಕೆಡವದೆ ಬಂದರೆ ಲಾಭ. ಟೋಕಿಯೊ ಒಲಿಂಪಿಕ್ಸ್‌ನಿಂದ ತಂಡಕ್ಕೆ ಮೂವರೇ, ಮೂವರದೂ ಲೆಕ್ಕಕ್ಕೆ. ಅಲ್ಲಿಗೆ ಹುಂಬನ ಕಾಲ ಮುಗಿಯಿತು. ದಿನವೂ ಒಂದೇ ಹದದಲ್ಲಿ ಹಾರುವ, ಒಂದು ಕೋಲಿಗಿಂತ ಹೆಚ್ಚು ಕೆಡವದ ಮುದಿ ಕುದುರೆಗೇ ಬೆಲೆ. ನಿಯಮದ ಒಂದು ಸಾಲು ಬದಲಾದರೆ ಯಾವ ಸ್ವಭಾವದವನು ದೇಶದ ಅಂಗಿ ತೊಡುತ್ತಾನೆ ಎನ್ನುವುದೇ ಬದಲಾಗುತ್ತದೆ.

ಆರಿಸುವುದು ಯಾರ ಕೈಯಲ್ಲಿರಬೇಕು ಎಂಬ ಜಗಳ ದುಡ್ಡಿರುವ ದೇಶಗಳಲ್ಲೂ ಮುಗಿದಿಲ್ಲ. ಜರ್ಮನಿಯಲ್ಲಿ ರಾಷ್ಟ್ರೀಯ ತರಬೇತುದಾರನ ಕಣ್ಣಿಗೆ ದೊಡ್ಡ ಬೆಲೆ, ಆಕೆನ್‌ನ ಕೂಟದಲ್ಲಿ ಚೆನ್ನಾಗಿ ಹಾರಿದವರ ಮೇಲೆ ಆ ಕಣ್ಣು ಬೀಳುತ್ತದೆ. ಅಮೆರಿಕದಲ್ಲೂ ದಶಕಗಳ ಕಾಲ ಹಾಗೇ ಇತ್ತು. 1990ರ ಸ್ಟಾಕ್‌ಹೋಮ್ ವಿಶ್ವ ಕೂಟದ ತಂಡದಲ್ಲಿ ಜಾಗ ಸಿಗದ ಸವಾರಳೊಬ್ಬಳು ಕೋರ್ಟಿಗೆ ಹೋದ ಮೇಲೆ ಕಣ್ಣಳತೆ ಸಾಕಾಗಲಿಲ್ಲ. ಟ್ರಯಲ್ಸ್‌ನಲ್ಲಿ ಬಿದ್ದ ಕೋಲುಗಳನ್ನು ಎಣಿಸಿ ತಂಡ ಕಟ್ಟುವ ಪದ್ಧತಿ ಗಟ್ಟಿಯಾಯಿತು. ಅದಕ್ಕೂ ಬೈಗುಳ ತಪ್ಪಲಿಲ್ಲ. ಟ್ರಯಲ್ಸ್‌ನಲ್ಲೇ ಕುದುರೆಗಳ ಕಾಲು ಸವೆದು ಕೂಟದ ಹೊತ್ತಿಗೆ ಸುಸ್ತಾಗುತ್ತವೆ ಎಂಬುದು ಹಳಬರ ತಕರಾರು. ಸುಳ್ಳಲ್ಲ. ಆದರೂ ತರಬೇತುದಾರನ ಕಣ್ಣಿಗಿಂತ ಬಿದ್ದ ಕೋಲಿನ ಲೆಕ್ಕವೇ ವಾಸಿ ಎನ್ನುವ ಪಕ್ಷ ನನ್ನದು. ಕೋಲಿಗೆ ಸವಾರನ ಅಪ್ಪ ಯಾರೆಂದು ಗೊತ್ತಿರುವುದಿಲ್ಲ.

ನಮ್ಮ ಪಟ್ಟಿಗೆ ಮರಳಿದರೆ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಇಂದ್ರಜಿತ್ ಲಾಂಬಾ ಹೋದರು, 2000ದ ಸಿಡ್ನಿಗೆ ಇಮ್ತಿಯಾಜ್ ಅನೀಸ್. ತಂಡವಿಲ್ಲ, ಒಬ್ಬೊಬ್ಬರೇ. ಇಮ್ತಿಯಾಜ್ ಸೈನ್ಯದವರಲ್ಲ. ಪಟ್ಟಿಯಲ್ಲಿ ಹುದ್ದೆಗಳು ಕಡಿಮೆಯಾಗಿ ನಗರಗಳ ಹೆಸರು ಬರತೊಡಗಿದ್ದು ಆ ಹೊತ್ತಿಗೆ: ಮುಂಬೈ, ಕೋಲ್ಕತ್ತ, ಬೆಂಗಳೂರು.

ಬೆಂಗಳೂರಿಗೆ ಕುದುರೆ ಹೊಸತಲ್ಲ. ರೇಸ್ ಕೋರ್ಸ್ ಇದೆ, ಟಿಪ್ಪು ಕಾಲದಿಂದ ಕುಣಿಗಲ್ಲಿನ ಸ್ಟಡ್ ಫಾರ್ಮ್ ಇದೆ. ಓಟ ಮುಗಿಸಿದ ರೇಸ್ ಕುದುರೆಗಳ ಬೆನ್ನ ಮೇಲೆ ನಗರದ ಮಕ್ಕಳು ಸವಾರಿ ಕಲಿಯುತ್ತಾರೆ. ಆದರೆ ನೇರ ಓಡಲು ಹುಟ್ಟಿದ ಕುದುರೆ ಒಂದು ಮಟ್ಟದವರೆಗೆ ಹಾರೀತು ಅಷ್ಟೆ. ದೊಡ್ಡ ಕೂಟಕ್ಕೆ ಯುರೋಪಿನಲ್ಲಿ ಅದಕ್ಕೆಂದೇ ತಳಿ ಮಾಡಿದ ಕುದುರೆ ಬೇಕು. ಬಳ್ಳಾರಿ ರಸ್ತೆಯ ಬದಿಗೆ, ವಿಮಾನ ನಿಲ್ದಾಣದ ಕಡೆ ಇರುವ ಎಂಬಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ ಮಾಡಿದ್ದು ಅದನ್ನೇ. ಕುದುರೆ ವೈದ್ಯರ ಮಗ ಫವಾದ್ ಮಿರ್ಜಾ ಅಲ್ಲಿ ಬೆಳೆದ ಹುಡುಗ. ಜಿತು ವಿರ್ವಾನಿ ಅವರ ಸಂಸ್ಥೆ ಕುದುರೆ ಕೊಂಡಿತು, ಹುಡುಗನನ್ನು ಜರ್ಮನಿಗೆ ಸಾಂದ್ರಾ ಔಫಾರ್ಥ್ ಬಳಿ ತರಬೇತಿಗೆ ಕಳಿಸಿತು.

2018ರ ಜಕಾರ್ತ ಏಷ್ಯನ್ ಕೂಟದಲ್ಲಿ ಫವಾದ್ ಮಿರ್ಜಾ, ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯೊಂದಿಗೆ ಈವೆಂಟಿಂಗ್‌ನ ಮೊದಲ ಎರಡು ಹಂತ ಮುಗಿದಾಗ 22.40 ದಂಡಾಂಕದೊಂದಿಗೆ ಎಲ್ಲರಿಗಿಂತ ಮುಂದೆ. ಕೊನೆಯ ಜಿಗಿತದಲ್ಲಿ ಒಂದೇ ಒಂದು ಕೋಲು ಬಿತ್ತು. 4 ಸೇರಿ 26.40. ಜಪಾನಿನ ಯೋಶಿಯಾಕಿ ಓಇವಾ 22.70ರಲ್ಲಿ ಚಿನ್ನ ತೆಗೆದುಕೊಂಡರು. ರಾಕೇಶ್ ಕುಮಾರ್, ಆಶಿಶ್ ಮಲಿಕ್, ಜಿತೇಂದರ್ ಸಿಂಗ್ ಜೊತೆ ತಂಡಕ್ಕೂ ಬೆಳ್ಳಿ. 1982ರ ನಂತರ ವೈಯಕ್ತಿಕ ಪದಕ ಬಂದದ್ದು ಆಗಲೇ. ಆ ದಿನ ನಾನು ಊರಲ್ಲಿದ್ದೆ. ಮೊಬೈಲ್ ಹಿಡಿದ ಹುಡುಗರಿಗೆ ಹೇಳಿದರೆ ಒಬ್ಬ "ಕುದ್ರಿಗೂ ಮೆಡಲ್ ಕೊಡ್ತಾರೇನ್ರಿ?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಕೊಡುವುದಿಲ್ಲ.

ಒಲಿಂಪಿಕ್ಸ್‌ನ ದಾರಿ ಬೇರೆ. ಅಲ್ಲಿ ದೇಶಗಳನ್ನು ಭೂಗೋಳದ ಗುಂಪು ಮಾಡಿ, ಗುಂಪಿನ ರ್‍ಯಾಂಕಿಂಗ್‌ನಲ್ಲಿ ಮುಂದಿರುವವರಿಗೆ ಜಾಗ ಕೊಡುತ್ತಾರೆ. ಭಾರತ ಇದ್ದದ್ದು ಆಗ್ನೇಯ ಏಷ್ಯಾ ಮತ್ತು ಓಷಿಯಾನಿಯಾದ ‘ಜಿ’ ಗುಂಪಿನಲ್ಲಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ಘಟಾನುಘಟಿಗಳ ಜೊತೆ. ಅವರು ತಂಡಗಳಾಗಿ ಮೊದಲೇ ಅರ್ಹತೆ ಪಡೆದಿದ್ದರಿಂದ ವೈಯಕ್ತಿಕ ಜಾಗಕ್ಕೆ ಅಡ್ಡಬರಲಿಲ್ಲ. 2019ರ ಕೊನೆಗೆ ಫವಾದ್ ಆ ಗುಂಪಿನಲ್ಲಿ ಮೊದಲಿಗರು. ಇದರಿಂದ ಅವರ ಸಾಧನೆ ಚಿಕ್ಕದಾಗುವುದಿಲ್ಲ. ಆದರೆ ಗುಂಪು ಬೇರೆ ಇದ್ದಿದ್ದರೆ ಟೋಕಿಯೊ ಬೇರೆ ಇರುತ್ತಿತ್ತು. ಜಿಲ್ಲೆ ಬದಲಾದ ತಾಲ್ಲೂಕಿನವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾಗ ಸಿಕ್ಕಿದ ಮೇಲೂ ಕುದುರೆಯ ಅರ್ಹತೆ ಬಾಕಿ. ಗಾಯದಿಂದ ಎದ್ದಿದ್ದ ಸೆನ್ಯೋರ್ ಮೆಡಿಕಾಟ್ ಅದನ್ನು ಮುಗಿಸಿದ್ದು 2021ರ ಮೇ ತಿಂಗಳಲ್ಲಿ, ಪೋಲೆಂಡಿನ ಬಾಬೊರುವ್ಕೊದಲ್ಲಿ, ಕೂಟ ಎರಡು ತಿಂಗಳಿದೆ ಎನ್ನುವಾಗ. ಟೋಕಿಯೊದಲ್ಲಿ ಜೋಡಿ ಅಂತಿಮ ಜಿಗಿತದವರೆಗೂ ಹೋಗಿ 59.60 ದಂಡಾಂಕದೊಂದಿಗೆ 23ನೇ ಸ್ಥಾನ ಪಡೆಯಿತು.

ಪೋಲೆಂಡು ಯಾಕೆ, ಬೆಂಗಳೂರಲ್ಲಿ ಯಾಕಿಲ್ಲ? ರೋಗದ ಕಾರಣ. ಗ್ಲಾಂಡರ್ಸ್, ಸರ್‍ರಾದಂಥ ಕುದುರೆ ರೋಗಗಳ ಭಯಕ್ಕೆ ಭಾರತದಿಂದ ಹೊರಡುವ ಕುದುರೆಗೆ ಹೊರದೇಶಗಳ ಗಡಿಯಲ್ಲಿ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ. ಇಲ್ಲಿನ ಟ್ರಯಲ್ಸ್‌ನಲ್ಲಿ ಯಾವ ಕುದುರೆ ಎಷ್ಟು ಚೆನ್ನಾಗಿ ಹಾರಿದರೂ ಅದನ್ನೇ ಕೂಟಕ್ಕೆ ಒಯ್ಯುವುದು ದುಸ್ತರ. ಆದ್ದರಿಂದ ಕುದುರೆ ಯುರೋಪಿನಲ್ಲೇ ಹುಟ್ಟಿ, ಅಲ್ಲೇ ಇದ್ದು, ಅಲ್ಲಿಂದಲೇ ವಿಮಾನ ಹತ್ತಬೇಕು. ಸವಾರನೂ ಅಲ್ಲಿರಬೇಕು. ಅಷ್ಟು ವರ್ಷ ಅಲ್ಲಿರಲು ಯಾರಿಗೆ ಆಗುತ್ತದೆ ಎನ್ನುವುದೇ ಈಗಿನ ಮೊದಲ ಸುತ್ತು. ಅಂದು ರೆಜಿಮೆಂಟು, ಇಂದು ಬ್ಯಾಂಕು.

2023ರ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಡ್ರೆಸಾಜ್ ತಂಡದ ಚಿನ್ನ ಗೆದ್ದ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನೂಷ್ ಅಗರ್‌ವಾಲಾ ನಾಲ್ವರೂ ಯುರೋಪಿನಲ್ಲಿ ತರಬೇತಾದವರು. 41 ವರ್ಷಗಳ ನಂತರ ಈ ಆಟದಲ್ಲಿ ಚಿನ್ನ, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು. ಈವೆಂಟಿಂಗ್‌ನಲ್ಲಿ ಅಪೂರ್ವ ದಾಭಾಡೆಯಂಥ ಸೈನ್ಯದವರು ಇದ್ದರು, ಹಳೆಯ ದಾರಿ ಪೂರ್ತಿ ಮುಚ್ಚಿಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಡ್ರೆಸಾಜ್‌ನಲ್ಲಿ ಒಂದೇ ಜಾಗ, ಅರ್ಹತೆ ಮುಟ್ಟಿದವರು ಅನೂಷ್ ಮತ್ತು ಶ್ರುತಿ ವೋರಾ. ಜಾಗ ಗಳಿಸಿದ್ದು ಸವಾರನೇ ಆದರೂ ಅದು ಸೇರುವುದು ದೇಶಕ್ಕೆ. ಭಾರತದ ಫೆಡರೇಷನ್ ಸ್ಪರ್ಧೆಗಳಲ್ಲಿ ಬಂದ ಅಂಕಗಳ ಸರಾಸರಿ ನೋಡಿ ಅನೂಷ್ ಅವರನ್ನು ಕಳಿಸಿತು. ಇದಕ್ಕೂ ಮುಂಚೆ ಹಾಂಗ್‌ಝೌ ಆಯ್ಕೆಯ ತಕರಾರು ದೆಹಲಿ ಹೈಕೋರ್ಟಿಗೆ ಹೋಗಿತ್ತು. ಮಾನದಂಡ ಕಾಗದದ ಮೇಲಿದ್ದರೆ ಕೋರ್ಟಿಗಾದರೂ ಹೋಗಬಹುದು. ರಿಸಾಲ್ದಾರನಿಗೆ ಕಮಾಂಡಿಂಗ್ ಆಫೀಸರ್ ಬೇಡ ಎಂದಾಗ ಅವನು ಎಲ್ಲಿಗೆ ಹೋಗಬೇಕಿತ್ತು? ಈ ಒಂದು ಮಟ್ಟಿಗೆ ಇಂದಿನದು ಅಂದಿನದಕ್ಕಿಂತ ಮೇಲು ಎಂದು ಮುಲಾಜಿಲ್ಲದೆ ಹೇಳುತ್ತೇನೆ. ಉಳಿದಂತೆ ಅನ್ಯಾಯದ ಜಾಗ ಬದಲಾಗಿದೆ, ಅಷ್ಟೇ.

2025ರ ಜುಲೈನಲ್ಲಿ ಒಂದು ಸಣ್ಣ ಸುದ್ದಿ ಬಂತು. ಮೀರತ್ ದಂಡುಪ್ರದೇಶದ ರಿಮೌಂಟ್ ವೆಟರ್ನರಿ ಕೋರ್ ಕೇಂದ್ರವನ್ನು ಕುದುರೆ ರೋಗಮುಕ್ತ ಆವರಣ ಎಂದು ಪ್ರಾಣಿ ಆರೋಗ್ಯದ ವಿಶ್ವ ಸಂಸ್ಥೆ ಒಪ್ಪಿಕೊಂಡಿದೆ, ದೇಶದಲ್ಲಿ ಇದೇ ಮೊದಲು. ಪದಕಗಳಿಗಿಂತ ದೊಡ್ಡ ಸುದ್ದಿ ಇದು. ಅಲ್ಲಿ ಸಾಕಿದ ಕುದುರೆ ಹೊರಗೆ ಹೋಗಿ ಸ್ಪರ್ಧಿಸಿ ತಿರುಗಿ ಬರುವ ದಾರಿ ಇನ್ನು ತೆರೆಯಬೇಕು. ಅಂಥ ಆವರಣ ಬೆಂಗಳೂರಿಗೂ ಮೈಸೂರಿಗೂ ಬರುವವರೆಗೆ ಭಾರತದ ಜಿಗಿತದ ತಂಡ ಆಯ್ಕೆಯಾಗುವುದು ಯುರೋಪಿನ ಲಾಯಗಳಲ್ಲಿ. ದೆಹಲಿಯಲ್ಲಿ ಆಗುವುದು ಪಟ್ಟಿ ಟೈಪು ಮಾಡುವ ಕೆಲಸ.